ಹಳೇ ಮಿಯಾಟಾ ಮೇಲಿನ ಆರ್‌ಪಿಎಂನಲ್ಲಿ ಎಳೆಯುತ್ತಿಲ್ಲವೇ? ಗಾಳಿ ಎಲ್ಲಿ ತಪ್ಪುತ್ತಿದೆ ಎಂದು ಹುಡುಕುವ ಬಗೆ

ದೂರು ಬರುವುದು ಹೆಚ್ಚುಕಮ್ಮಿ ಒಂದೇ ಮಾತಿನಲ್ಲಿ. “ನಾಲ್ಕು ಸಾವಿರದವರೆಗೆ ಚೆನ್ನಾಗಿ ಎಳೆಯುತ್ತೆ, ಆಮೇಲೆ ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ. ಗಾಳಿ ಸಾಲ್ತಿಲ್ಲ ಅನ್ಸುತ್ತೆ, ದೊಡ್ಡ ಫಿಲ್ಟರ್ ಹಾಕ್ಸಿಬಿಡ್ಲಾ?” ಗಾಳಿ ಸಾಲುತ್ತಿಲ್ಲ ಎಂಬ ಊಹೆ ಹಲವು ಸಲ ಸರಿಯೇ. ಅದಕ್ಕೆ ಫಿಲ್ಟರ್ ಕಾರಣ ಎಂಬುದು ಮಾತ್ರ ಅಪರೂಪಕ್ಕೆ ಸರಿ. ಮೂವತ್ತು ವರ್ಷ ದಾಟಿದ ಕಾರಿನಲ್ಲಿ ರಬ್ಬರು ಬಿರಿದಿರುತ್ತದೆ, ಕೇಬಲ್ ಸಡಿಲವಾಗಿರುತ್ತದೆ, ಎಲ್ಲೋ ಒಂದು ಕಡೆ ಕಸ ಕಟ್ಟಿಕೊಂಡಿರುತ್ತದೆ. ಅದನ್ನು ಹಾಗೇ ಬಿಟ್ಟು ಮೇಲೊಂದು ಹೊಳೆಯುವ ಪೈಪು ಕೂರಿಸಿದರೆ ಸದ್ದು ಜೋರಾಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ.

ಇಲ್ಲಿ ಬರೆದಿರುವುದು ಮೊದಲ ತಲೆಮಾರಿನ ಮಾಜ್ದಾ ಮಿಯಾಟಾ ಬಗ್ಗೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಜನ ಮೊದಲು ನೋಡಿದ, ಹಿರೋಶಿಮಾದಲ್ಲಿ ತಯಾರಾದ, ಎರಡೇ ಸೀಟಿನ ಪುಟ್ಟ ಕಾರು. ಅಮೆರಿಕದಲ್ಲಿ 1990ರಿಂದ 1993ರ ಮಾಡೆಲ್‌ವರೆಗೆ ಅದರಲ್ಲಿ ಇದ್ದದ್ದು 1,597 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, 6,500 ಆರ್‌ಪಿಎಂನಲ್ಲಿ 116 ಅಶ್ವಶಕ್ತಿ. ನಾನು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಇಟ್ಟುಕೊಂಡಿರುವುದು 1990ರದ್ದು. ನಾನು ನಾಲ್ಕನೇ ಮಾಲೀಕ, ಹಾಗಾಗಿ ಮೊದಲ ಮೂವರು ಏನೇನು ಬಿಚ್ಚಿ ಏನೇನು ಮರೆತಿದ್ದರೋ ಅದೆಲ್ಲ ನನ್ನ ಪಾಲಿಗೆ ಬಂದಿತ್ತು. 1994ರಿಂದ ಬಂದ 1.8 ಲೀಟರ್ ಎಂಜಿನ್‌ನಲ್ಲಿ ಗಾಳಿ ಅಳೆಯುವ ಸಾಧನವೇ ಬೇರೆ. ಅದರ ಮಾತು ಬಂದಾಗ ಬೇರೆಯಾಗಿ ಹೇಳುತ್ತೇನೆ.

ಗಾಳಿ ಬರುವ ದಾರಿ ಹೀಗಿದೆ. ಎಡಗಡೆ ಮುಂದೆ ಫಿಲ್ಟರ್ ಡಬ್ಬಿ. ಅದಕ್ಕೆ ಅಂಟಿಕೊಂಡು ಏರ್‌ಫ್ಲೋ ಮೀಟರ್. ಅಲ್ಲಿಂದ ಎಂಜಿನ್ನಿನ ಮುಂಭಾಗದಲ್ಲಿ ಅಡ್ಡ ಹಾಯುವ ಪೈಪು, ಬಲಗಡೆ ಥ್ರಾಟಲ್ ಬಾಡಿ (ಪೆಡಲ್ ಒತ್ತಿದಂತೆ ತೆರೆದು ಗಾಳಿ ಬಿಡುವ ತಟ್ಟೆ ಇರುವ ಜಾಗ), ಆಮೇಲೆ ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಮ್ಯಾನಿಫೋಲ್ಡ್. ಮೀಟರಿನ ಒಳಗೆ ಸ್ಪ್ರಿಂಗ್ ಹಾಕಿದ ಒಂದು ಬಾಗಿಲಿದೆ. ಎಂಜಿನ್ ಉಸಿರೆಳೆದಷ್ಟು ಅದು ತೆರೆಯುತ್ತದೆ, ತೆರೆದಷ್ಟು ಪೆಟ್ರೋಲ್ ಹಾಕಬೇಕು ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಬಾಗಿಲು ದಾಟಿದ ಮೇಲೆ ಬಿರುಕಿನಿಂದ ಒಳಗೆ ನುಸುಳಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೆ ತಕ್ಕ ಪೆಟ್ರೋಲ್ ಬರುವುದಿಲ್ಲ. ಈ ಒಂದು ವಿಷಯ ತಲೆಯಲ್ಲಿದ್ದರೆ ಅರ್ಧ ದೋಷ ಕೂತಲ್ಲೇ ಗೊತ್ತಾಗುತ್ತದೆ.

ತೊಂದರೆ ಯಾವಾಗ ಬರುತ್ತದೆ ಎಂದು ಮೊದಲು ಗಮನಿಸಿ

ಪಾನಾ ಹಿಡಿಯುವ ಮುಂಚೆ ಒಂದು ವಾರ ಕಾರು ಓಡಿಸಿ, ತೊಂದರೆ ಯಾವ ಹೊತ್ತಿಗೆ ಬರುತ್ತದೆ ಎಂದು ಬರೆದಿಟ್ಟುಕೊಳ್ಳಿ.

ಐಡ್ಲಿಂಗ್ (ಪೆಡಲ್ ಒತ್ತದಾಗ ಎಂಜಿನ್ ಓಡುವ ವೇಗ) ಏರಿಳಿಯುತ್ತದೆ, ಸಿಗ್ನಲ್‌ನಲ್ಲಿ ನಡುಗುತ್ತದೆ, ಆದರೆ ಪೆಡಲ್ ಪೂರ್ತಿ ಒತ್ತಿದರೆ ಚೆನ್ನಾಗಿ ಓಡುತ್ತದೆ ಅಂದರೆ ಸೋರಿಕೆ ಥ್ರಾಟಲ್ ದಾಟಿದ ಮೇಲೆ ಎಲ್ಲೋ ಇದೆ. ಥ್ರಾಟಲ್ ಮುಚ್ಚಿದ್ದಾಗ ಮ್ಯಾನಿಫೋಲ್ಡ್‌ನಲ್ಲಿ ಸೆಳೆತ ಜೋರು, ಸಣ್ಣ ತೂತೂ ಬಹಳ ಗಾಳಿ ಎಳೆಯುತ್ತದೆ. ಥ್ರಾಟಲ್ ತೆರೆದರೆ ಆ ಸೆಳೆತವೇ ಇರುವುದಿಲ್ಲ.

ಗೇರ್ ಹಾಕಿ ಹೊರಡುವಾಗ, ಇಲ್ಲವೇ ಪೆಡಲ್ ತಟ್ಟನೆ ಒತ್ತಿದಾಗ ಮಾತ್ರ ಮುಗ್ಗರಿಸುತ್ತದೆ ಅಂದರೆ ಅನುಮಾನ ಮೀಟರಿಗೂ ಥ್ರಾಟಲ್‌ಗೂ ನಡುವಿನ ಪೈಪಿನ ಮೇಲೆ. ಎಂಜಿನ್ ಅದರ ಮೌಂಟ್ ಮೇಲೆ ಒಂದು ಕಡೆಗೆ ವಾಲಿದಾಗ ಪೈಪು ಬಾಗುತ್ತದೆ, ಬಿರುಕು ಬಾಯಿ ಬಿಡುತ್ತದೆ.

ಕೆಳಗೆಲ್ಲ ಸರಿ, ಪೂರ್ತಿ ಒತ್ತಿ ಮೇಲಿನ ಆರ್‌ಪಿಎಂಗೆ ಹೋದಾಗ ಮಾತ್ರ ಶಕ್ತಿ ಇಲ್ಲ ಅಂದರೆ ತಡೆ ಇರಬಹುದು, ಕೇಬಲ್ ಇರಬಹುದು, ಸೈಲೆನ್ಸರ್ ದಾರಿ ಕಟ್ಟಿರಬಹುದು, ಪೆಟ್ರೋಲ್ ಸಾಲದಿರಬಹುದು. ಜನ ಫಿಲ್ಟರ್ ಕೊಳ್ಳಲು ಹೊರಡುವುದು ಈ ಮೂರನೆಯದಕ್ಕೆ. ಅದಕ್ಕೇ ಇದರ ಬಗ್ಗೆ ಹೆಚ್ಚು ಬರೆದಿದ್ದೇನೆ.

ಈ ಪರೀಕ್ಷೆಯನ್ನು ಬೆಟ್ಟ ಹತ್ತುವಾಗ ಮಾಡಬೇಡಿ. ನಮ್ಮ ಕಡೆಯವರು ಟಾಹೋ ಸರೋವರಕ್ಕೆ ಹೋಗುವ ದಾರಿಯಲ್ಲಿ ಡಾನರ್ ಸಮ್ಮಿಟ್ ಹತ್ತಿರ ಪಿಕಪ್ ಇಲ್ಲ ಅನ್ನುತ್ತಾರೆ. ಅಲ್ಲಿ ರಸ್ತೆ 2,200 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಕಾಲುಭಾಗದಷ್ಟು ಕಡಿಮೆ. ಕಾರಿಗೆ ಏನೂ ಆಗಿರುವುದಿಲ್ಲ.

ಪೆಡಲ್ ಪೂರ್ತಿ ಒತ್ತಿದರೆ ಥ್ರಾಟಲ್ ಪೂರ್ತಿ ತೆರೆಯುತ್ತದೆಯೇ?

ಎಲ್ಲಕ್ಕಿಂತ ಮೊದಲು ಇದು. ಕಾಸು ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಎಂಜಿನ್ ಆಫ್ ಮಾಡಿ, ಒಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ.

ನಾನು ಮಗಳನ್ನು ಕೂರಿಸಿದೆ. ಅಡ್ಡಪೈಪನ್ನು ಥ್ರಾಟಲ್ ಬಾಯಿಂದ ಕಳಚಿ, ಟಾರ್ಚ್ ಹಿಡಿದು ಒಳಗೆ ನೋಡುತ್ತಾ, “ಒತ್ತು ಪುಟ್ಟಾ” ಅಂದೆ. ಹಿತ್ತಾಳೆ ಬಣ್ಣದ ತಟ್ಟೆ ತಿರುಗಿ ಓರೆಯಾಗಿ ನಿಂತಿತು. “ಪೂರ್ತಿ ಒತ್ತು.” “ಪೂರ್ತಿ ಒತ್ತಿದೀನಿ ಅಪ್ಪಾ, ಕಾಲು ನೆಲಕ್ಕೆ ತಾಗಿದೆ.” ತಟ್ಟೆ ಇನ್ನೂ ಓರೆಯಾಗಿಯೇ ಇತ್ತು. ಕೇಬಲ್ ಸುತ್ತುವ ಅರ್ಧಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿದೆ, ಅದು ಇನ್ನೂ ಒಂದು ಬೆರಳಗಲ ತಿರುಗಿತು, ಆಮೇಲೆ ಟಿಕ್ ಎಂದು ಸಣ್ಣ ಸದ್ದು ಬಂತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ. ಗಾಳಿಯ ದಾರಿಯಲ್ಲಿ ಅತಿ ದೊಡ್ಡ ತಡೆ ಥ್ರಾಟಲ್ ತಟ್ಟೆಯೇ ಆಗಿತ್ತು.

ಆ ಟಿಕ್ ಸದ್ದು ಮುಖ್ಯ. ಮ್ಯಾನುಯಲ್ ಗೇರಿನ 1.6ರಲ್ಲಿ ಥ್ರಾಟಲ್ ಎಷ್ಟು ತೆರೆದಿದೆ ಎಂದು ಹಂತಹಂತವಾಗಿ ಹೇಳುವ ಸೆನ್ಸರ್ ಇಲ್ಲ. ಇರುವುದು ಒಂದು ಸ್ವಿಚ್. ಪೂರ್ತಿ ಮುಚ್ಚಿದಾಗ ಒಂದು ಸಂಪರ್ಕ, ಪೂರ್ತಿ ತೆರೆಯುವ ಹೊತ್ತಿಗೆ ಇನ್ನೊಂದು. ಆ ಎರಡನೇ ಸಂಪರ್ಕ ಕೂಡಿದರೆ ಮಾತ್ರ ಕಂಪ್ಯೂಟರಿಗೆ ‘ಈಗ ಪೂರ್ತಿ ಶಕ್ತಿ ಬೇಕು, ಪೆಟ್ರೋಲ್ ಹೆಚ್ಚು ಹಾಕು’ ಎಂಬ ಸುದ್ದಿ ಮುಟ್ಟುತ್ತದೆ. ಕೇಬಲ್ ಸಡಿಲವಿದ್ದರೆ ಗಾಳಿಯೂ ಕಡಿಮೆ, ಪೆಟ್ರೋಲೂ ಕಡಿಮೆ. ಕೇಬಲ್ ತುದಿಯ ಎರಡು ನಟ್ ತಿರುಗಿಸಿ ಬಿಗಿ ಮಾಡಿ. ಪೆಡಲ್ ಬಿಟ್ಟಾಗ ಸ್ವಲ್ಪ ಸಡಿಲ ಉಳಿಯಲೇಬೇಕು, ಇಲ್ಲದಿದ್ದರೆ ಐಡ್ಲಿಂಗ್ ಸ್ವಿಚ್ ಕೂಡುವುದಿಲ್ಲ. ಕಾಲಡಿಯ ಮ್ಯಾಟ್ ದಪ್ಪವಿದ್ದರೆ ಅದನ್ನೂ ತೆಗೆದು ನೋಡಿ.

ಅಡ್ಡಪೈಪಿನ ಸುಕ್ಕುಗಳು

ಅಡ್ಡಪೈಪಿನ ತುದಿಗಳಲ್ಲಿ ಕುಲುಮೆಯ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರು ಇದೆ. ಎಂಜಿನ್ ಅಲುಗಾಡಿದರೂ ಪೈಪು ಮುರಿಯಬಾರದು ಎಂದು ಮಾಡಿದ್ದು. ದಶಕಗಟ್ಟಲೆ ಬಿಸಿ ತಿಂದ ರಬ್ಬರು ಮಡಿಕೆಯ ತಳದಲ್ಲಿ ಬಿರಿಯುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣದು. ಬಿಚ್ಚಿ ಕೈಗೆ ತೆಗೆದುಕೊಳ್ಳಿ, ಬೆಳಕಿಗೆ ಹಿಡಿದು ಎರಡೂ ಕೈಯಿಂದ ಬಾಗಿಸಿ, ಮಡಿಕೆಗಳನ್ನು ಒಂದೊಂದಾಗಿ ಅಗಲಿಸಿ, ಕೆಳಮೈಯನ್ನು ವಿಶೇಷವಾಗಿ ನೋಡಿ. ಬಿರುಕಿದ್ದರೆ ಗೆರೆಯಂತೆ ಬೆಳಕು ಕಾಣುತ್ತದೆ. ಟೇಪ್ ಸುತ್ತಿ ಮನೆಗೆ ಮುಟ್ಟಬಹುದು, ಅದರ ಮೇಲೆ ನಂಬಿಕೆ ಇಟ್ಟು ವರ್ಷಗಟ್ಟಲೆ ಓಡಿಸಬೇಡಿ.

ಪೈಪು ಪೂರ್ತಿ ಕಳಚಿಕೊಂಡರೆ ಎಂಜಿನ್ ನಿಂತೇಹೋಗುತ್ತದೆ. ಪೆಟ್ರೋಲ್ ಪಂಪ್ ಓಡಿಸುವ ಸಂಪರ್ಕ ಇರುವುದು ಏರ್‌ಫ್ಲೋ ಮೀಟರಿನ ಒಳಗೆ. ಬಾಗಿಲು ತೆರೆಯದಿದ್ದರೆ ಪಂಪ್ ಓಡುವುದಿಲ್ಲ. ಹಂಪ್ ಹಾರಿಸಿದ ತಕ್ಷಣ ಎಂಜಿನ್ ಸತ್ತು ಮತ್ತೆ ಸ್ಟಾರ್ಟ್ ಆಗದಿದ್ದರೆ ಮೊದಲು ಈ ಪೈಪಿನ ಕ್ಲಾಂಪ್ ನೋಡಿ.

ಸಣ್ಣ ಹೋಸ್‌ಗಳು

ಎಂಜಿನ್ ಬಿಸಿಯಾಗಿ 850 ಆರ್‌ಪಿಎಂ ಸುಮಾರಿಗೆ ಐಡ್ಲಿಂಗ್‌ನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಎಂಜಿನ್ ತಡವರಿಸಬೇಕು, ಏಕೆಂದರೆ ಲೆಕ್ಕವಿಲ್ಲದ ಗಾಳಿಗೆ ನೀವೇ ಬಾಗಿಲು ತೆರೆದಿದ್ದೀರಿ. ತೆಗೆದರೂ ಏನೂ ಆಗಲಿಲ್ಲ ಅಂದರೆ ಬೇರೆಲ್ಲೋ ಆಗಲೇ ದೊಡ್ಡ ಸೋರಿಕೆ ಇದೆ, ಇಲ್ಲವೇ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಹೊಟ್ಟೆ) ಉಸಿರಾಡುವ ಹೋಸ್ ಕಟ್ಟಿಕೊಂಡಿದೆ. ಬ್ರೇಕ್ ಬೂಸ್ಟರ್ ಹೋಸ್, ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಆವಿಯನ್ನು ಮ್ಯಾನಿಫೋಲ್ಡ್‌ಗೆ ಬಿಡುವ ವಾಲ್ವ್) ಕೂರುವ ರಬ್ಬರ್ ಉಂಗುರ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್ ಬುಡದ ರಬ್ಬರು, ಇವನ್ನೆಲ್ಲ ಸರದಿಯಂತೆ ನೋಡಿ. ಅರ್ಧ ಮೀಟರ್ ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟುಕೊಂಡು, ಫ್ಯಾನ್ ಮತ್ತು ಬೆಲ್ಟ್‌ನಿಂದ ದೂರವಿದ್ದು, ಇನ್ನೊಂದು ತುದಿಯನ್ನು ಜೋಡಣೆಗಳ ಸುತ್ತ ಆಡಿಸಿದರೆ ಸುಯ್ ಎನ್ನುವ ಜಾಗ ಸ್ಪಷ್ಟವಾಗಿ ಕೇಳುತ್ತದೆ. ಹೊತ್ತಿಕೊಳ್ಳುವ ಸ್ಪ್ರೇ ಹೊಡೆದು ಸೋರಿಕೆ ಹುಡುಕುವವರಿದ್ದಾರೆ. ಪಕ್ಕದಲ್ಲೇ ಕೆಂಪಗೆ ಕಾದ ಎಕ್ಸಾಸ್ಟ್ ಇರುವಾಗ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಗ್ಯಾರೇಜಿನಲ್ಲಿ ಹೊಗೆ ಹಾಯಿಸಿ ನೋಡುವ ಯಂತ್ರ ಇರುತ್ತದೆ, ಅದೇ ಒಳ್ಳೆಯದು.

ವ್ಯಾಕ್ಯೂಮ್ ಗೇಜ್ ಹೇಳುವ ಮಾತು

ಮ್ಯಾನಿಫೋಲ್ಡ್‌ಗೆ ಒಳಗಿನ ಸೆಳೆತ ಅಳೆಯುವ ಗೇಜ್ ಜೋಡಿಸಿ. ಸಮುದ್ರಮಟ್ಟದ ಊರಿನಲ್ಲಿ ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 18ರಿಂದ 20 ಇಂಚು ಪಾದರಸ ತೋರಿಸುತ್ತದೆ, ಮುಳ್ಳು ಅಲುಗುವುದಿಲ್ಲ. ಎತ್ತರ 300 ಮೀಟರ್ ಏರಿದಂತೆ ಒಂದೊಂದು ಇಂಚು ಕಡಿಮೆಯಾಗುತ್ತದೆ. ಇದೇ ಪರೀಕ್ಷೆಯನ್ನು ಬೆಂಗಳೂರಿನಲ್ಲಿ ಬೇರೆ ಯಾವುದೋ ಕಾರಿಗೆ ಮಾಡುವವರು ಮೂರು ಇಂಚು ಕಳೆದು ಓದಿಕೊಳ್ಳಿ.

ಈಗ ನಿಜವಾದ ಪರೀಕ್ಷೆ. ಉದ್ದ ಹೋಸ್ ಹಾಕಿ ಗೇಜನ್ನು ಪಕ್ಕದ ಸೀಟಿನವರ ಕೈಗೆ ಕೊಡಿ. ವಾಹನವಿಲ್ಲದ ನೇರ ರಸ್ತೆಯಲ್ಲಿ ಎರಡನೇ ಗೇರ್, ಪೆಡಲ್ ಪೂರ್ತಿ, 6,500ರವರೆಗೆ. ಡೈನೋ (ಕಾರನ್ನು ಉರುಳೆಗಳ ಮೇಲೆ ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಸಿಕ್ಕರೆ ಇನ್ನೂ ಒಳ್ಳೆಯದು.

ಪೂರ್ತಿ ಒತ್ತಿದಾಗ ಮುಳ್ಳು ಸೊನ್ನೆಯ ಹತ್ತಿರ ಕೂತಿದೆ, ಆದರೂ ಕಾರು ಎಳೆಯುತ್ತಿಲ್ಲ ಅಂದರೆ ಒಳಗೆ ಬರುವ ದಾರಿಯಲ್ಲಿ ತಡೆ ಇಲ್ಲ. ಎಷ್ಟು ದೊಡ್ಡ ಫಿಲ್ಟರ್ ಹಾಕಿದರೂ ಏನೂ ಬದಲಾಗುವುದಿಲ್ಲ. ಹೊರಗೆ ಹೋಗುವ ದಾರಿ, ಪೆಟ್ರೋಲ್, ಕಿಡಿ, ಈ ಮೂರನ್ನು ನೋಡಿ. ಮುಳ್ಳು ಮೇಲಿನ ಆರ್‌ಪಿಎಂನಲ್ಲಿ ಎರಡು ಮೂರು ಇಂಚಿಗೆ ಏರುತ್ತಿದೆ ಅಂದರೆ ತಡೆ ನಿಜ. ಒಂದು ಇಂಚು ಪಾದರಸ ಅಂದರೆ ವಾತಾವರಣದ ಒತ್ತಡದಲ್ಲಿ ಶೇಕಡಾ 3.3. ಮೂರು ಇಂಚು ಕಳೆದುಕೊಂಡ ಎಂಜಿನ್ ಹತ್ತರಲ್ಲಿ ಒಂದು ಪಾಲು ಗಾಳಿ ಕಳೆದುಕೊಂಡಿದೆ.

ಹೊರದಾರಿ ಕಟ್ಟಿದ್ದರೆ ಅದಕ್ಕೂ ಗೇಜ್ ಸಾಕ್ಷಿ ಹೇಳುತ್ತದೆ. ನಿಂತಲ್ಲೇ 2,500 ಆರ್‌ಪಿಎಂನಲ್ಲಿ ಹಿಡಿದಿಡಿ. ಮುಳ್ಳು ಮೊದಲು ಸರಿಯಿದ್ದು, ಆಮೇಲೆ ನಿಧಾನವಾಗಿ ಇಳಿಯುತ್ತಾ ಹೋದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕರಗಿ ಮುಚ್ಚಿಕೊಂಡಿರಬಹುದು. ಉಸಿರು ಬಿಡಲಾಗದ ಎಂಜಿನ್ ಉಸಿರು ಎಳೆದುಕೊಳ್ಳುವುದೂ ಇಲ್ಲ. ಎಕ್ಸಾಸ್ಟ್ ಮೇಲಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕಿ ಖಚಿತಪಡಿಸಿಕೊಳ್ಳಿ: 2,500ರಲ್ಲಿ 3 ಪಿಎಸ್‌ಐ ದಾಟಿದರೆ ಕಟ್ಟಿದೆ ಎಂದೇ ಅರ್ಥ. ಪೆಟ್ರೋಲ್ ಒತ್ತಡವನ್ನು, ಆ ಒತ್ತಡ ಕಾಯುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಳಚಿ, 2.6ರಿಂದ 3.2 ಬಾರ್ ಒಳಗಿದೆಯೇ ನೋಡಿ. ಹಿಂಬದಿ ಚಕ್ರದ ಹತ್ತಿರ ಕಾರಿನ ಅಡಿಯಲ್ಲಿರುವ ಪೆಟ್ರೋಲ್ ಫಿಲ್ಟರನ್ನು ಹಳೇ ಮಾಲೀಕರು ಬದಲಿಸಿರುವುದೇ ಅಪರೂಪ. ಅನುಮಾನವಿದ್ದರೆ ಬದಲಿಸಿ, ಮುಂದೆ ಹೋಗಿ.

ತಡೆ ಎಲ್ಲಿದೆ: ನೀರಿನ ಕೊಳವೆಯ ಪರೀಕ್ಷೆ

ಇದು ನನಗೆ ಬಹಳ ಇಷ್ಟದ ಕೆಲಸ. ಹಾರ್ಡ್‌ವೇರ್ ಅಂಗಡಿಯಿಂದ ಮೂರು ಮೀಟರ್ ಪಾರದರ್ಶಕ ಕೊಳವೆ ತನ್ನಿ. ಒಂದು ಹಲಗೆಯ ಮೇಲೆ ಯು ಆಕಾರಕ್ಕೆ ಬಗ್ಗಿಸಿ ಕಟ್ಟಿ, ಪಕ್ಕದಲ್ಲಿ ಅಳತೆಪಟ್ಟಿ ಅಂಟಿಸಿ, ಅರ್ಧದವರೆಗೆ ನೀರು ತುಂಬಿ. ಚಿಟಿಕೆ ಅರಿಶಿನ ಕದಡಿದರೆ ಮಟ್ಟ ಚೆನ್ನಾಗಿ ಕಾಣುತ್ತದೆ. ವಾಲ್ವ್ ಕವರ್‌ನಿಂದ ಅಡ್ಡಪೈಪಿಗೆ ಬರುವ ಬ್ರೀದರ್ ಹೋಸ್ ಕಳಚಿ, ಅಡ್ಡಪೈಪಿನ ಆ ಮೂತಿಗೆ ಕೊಳವೆಯ ಒಂದು ತುದಿ ಸಿಕ್ಕಿಸಿ. ನಡುವೆ ಒಂದು ಖಾಲಿ ಬಾಟಲಿ ಇರಲಿ, ನೀರು ಎಂಜಿನ್ನಿಗೆ ಹೋಗಬಾರದು. ಕಳಚಿದ ಬ್ರೀದರ್ ಬಾಯಿಗೆ ಸಣ್ಣ ಫಿಲ್ಟರ್ ತೊಡಿಸಿ. ಪೂರ್ತಿ ಪೆಡಲ್‌ನಲ್ಲಿ ಎರಡು ತೋಳುಗಳ ನೀರಿನ ಮಟ್ಟಕ್ಕೆ ಎಷ್ಟು ಅಂತರ ಬಂತೋ ಅದೇ ಅಳತೆ. ಪಕ್ಕದವರು ಫೋನಿನಲ್ಲಿ ವಿಡಿಯೋ ಹಿಡಿದರೆ ಆಮೇಲೆ ನಿಲ್ಲಿಸಿ ನಿಲ್ಲಿಸಿ ಓದಬಹುದು.

ಲೆಕ್ಕ ಸುಲಭ: ಹತ್ತು ಸೆಂಟಿಮೀಟರ್ ನೀರು ಅಂದರೆ ವಾತಾವರಣದ ಒತ್ತಡದಲ್ಲಿ ಸುಮಾರು ಶೇಕಡಾ ಒಂದು. 116 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಹೆಚ್ಚುಕಮ್ಮಿ ಒಂದು ಅಶ್ವಶಕ್ತಿ.

ಒಂದೇ ಮೂತಿಯಲ್ಲಿ ಮೂರು ಸಲ ಅಳೆಯಿರಿ. ಮೊದಲು ಎಲ್ಲವೂ ಇದ್ದ ಹಾಗೇ. ಎರಡನೇ ಸಲ ಫಿಲ್ಟರ್ ತೆಗೆದು, ಧೂಳಿಲ್ಲದ ರಸ್ತೆಯಲ್ಲಿ, ಒಂದೇ ಒಂದು ಓಟ. ಮೂರನೇ ಸಲ ಡಬ್ಬಿಗೆ ಹೊರಗಿನ ಗಾಳಿ ಬರುವ ಮೂತಿಯನ್ನೂ ಬಿಚ್ಚಿ. ಒಂದರಿಂದ ಎರಡನ್ನು ಕಳೆದರೆ ಫಿಲ್ಟರಿನ ಪಾಲು, ಎರಡರಿಂದ ಮೂರನ್ನು ಕಳೆದರೆ ಮೂತಿಯ ಪಾಲು, ಉಳಿದದ್ದು ಮೀಟರ್ ಮತ್ತು ಪೈಪಿನದು. ಫಿಲ್ಟರ್ ತೆಗೆದರೂ ನೀರು ಎರಡು ಮೂರು ಸೆಂಟಿಮೀಟರ್‌ಗಿಂತ ಹೆಚ್ಚು ಬದಲಾಗದಿದ್ದರೆ ಫಿಲ್ಟರಿಗೆ ದುಡ್ಡು ಹಾಕಬೇಡಿ.

ಮೀಟರಿನ ಪಾಲು ದೊಡ್ಡದಾಗಿ ಬಂದರೆ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಎಲ್ಲೂ ಉಜ್ಜದೆ ತೆರೆದು, ಬಿಟ್ಟೊಡನೆ ಮರಳಬೇಕು. ಎಂದಾದರೂ ಬ್ಯಾಕ್‌ಫೈರ್ ಹೊಡೆದಿದ್ದರೆ (ಗಾಳಿಯ ದಾರಿಯಲ್ಲೇ ಪೆಟ್ರೋಲ್ ಹೊತ್ತಿ ಢಂ ಎಂದಿದ್ದರೆ) ಬಾಗಿಲು ಬಾಗಿರಬಹುದು. ತಳ್ಳುತ್ತಾ, ಮೀಟರ್ ಕಳಿಸುವ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಿದರೆ ಅಂಕಿ ಏಕಸಮವಾಗಿ ಬದಲಾಗಬೇಕು, ಮಧ್ಯೆ ಹಾರಬಾರದು. ಹಾರಿದರೆ ಒಳಗಿನ ಪಟ್ಟಿ ಸವೆದಿದೆ. ಬಾನೆಟ್ ಒಳಗಿನ ಡಯಾಗ್ನಾಸಿಸ್ ಡಬ್ಬಿಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಕಿಂಡಿಗಳನ್ನು ತಂತಿಯಿಂದ ಸೇರಿಸಿ ಕೀ ತಿರುಗಿಸಿದರೆ ಎಂಜಿನ್ ದೀಪ ಮಿಣುಕಿ ಕೋಡ್ ಹೇಳುತ್ತದೆ. 8 ಬಂದರೆ ಏರ್‌ಫ್ಲೋ ಮೀಟರ್, 10 ಬಂದರೆ ಅದರೊಳಗೆ ಗಾಳಿಯ ಬಿಸಿ ಅಳೆಯುವ ಸೆನ್ಸರ್. ಮೀಟರಿನ ಕಪ್ಪು ಮುಚ್ಚಳ ಕಿತ್ತು ಸ್ಪ್ರಿಂಗ್ ಹಲ್ಲುಗಳನ್ನು ಹಿಂದೆಮುಂದೆ ಮಾಡುವ ಅಭ್ಯಾಸ ಕೆಲವರಿಗಿದೆ. ಗಾಳಿ-ಪೆಟ್ರೋಲ್ ಮಿಶ್ರಣ ಅಳೆಯುವ ಉಪಕರಣವಿಲ್ಲದೆ ಅದಕ್ಕೆ ಕೈ ಹಾಕಬೇಡಿ, ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಸುಡಬಹುದು. 1994ರ ನಂತರದ 1.8ರಲ್ಲಿ ಬಾಗಿಲಿಲ್ಲ, ಕಾದ ತಂತಿಯಿದೆ. ಎಣ್ಣೆ ಸವರಿದ ಹತ್ತಿ ಫಿಲ್ಟರ್ ಹಾಕಿದ್ದರೆ ಆ ಎಣ್ಣೆ ತಂತಿಗೆ ಹಿಡಿದು ಲೆಕ್ಕ ತಪ್ಪಬಹುದು, ಅದಕ್ಕೆಂದೇ ಇರುವ ಕ್ಲೀನರ್‌ನಿಂದ ತೊಳೆಯಿರಿ.

ಬಿಸಿ ಗಾಳಿ

ಕೊಳವೆಯ ಪರೀಕ್ಷೆಯಲ್ಲಿ ಕಾಣದ ನಷ್ಟ ಇದು. ಅಡುಗೆಮನೆಯ ತಂತಿ ಥರ್ಮಾಮೀಟರಿನ ತುದಿಯನ್ನು ಫಿಲ್ಟರ್ ಡಬ್ಬಿಯೊಳಗೆ ಇಳಿಸಿ, ಓಡಿಸುತ್ತಾ ನೋಡಿ. ಗಾಳಿ ಮೂರು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇಕಡಾ ಒಂದು ಇಳಿಯುತ್ತದೆ. ಹೊರಗೆ 25 ಡಿಗ್ರಿ ಇದ್ದು ಡಬ್ಬಿಯಲ್ಲಿ 55 ಇದ್ದರೆ ಶೇಕಡಾ ಒಂಬತ್ತು. ಸಿಲಿಂಡರ್ ಸೇರುವ ಹೊತ್ತಿಗೆ ಗಾಳಿ ಹೇಗೂ ಬಿಸಿಯಾಗುವುದರಿಂದ ಶಕ್ತಿ ಅಷ್ಟೇ ಬೀಳುವುದಿಲ್ಲ. ಅರ್ಧ ಎಂದಿಟ್ಟುಕೊಂಡರೂ ನಾಲ್ಕೈದು ಅಶ್ವಶಕ್ತಿ ಹೋಯಿತು. ಸ್ಯಾಕ್ರಮೆಂಟೊದಲ್ಲಿ ಜುಲೈ ತಿಂಗಳ ಕೆಲವು ಮಧ್ಯಾಹ್ನ 40 ಡಿಗ್ರಿ ಮುಟ್ಟುವುದುಂಟು, ಹೊರಗಿನ ಗಾಳಿಯೇ ಆಗಲೇ ಬಿಸಿ.

ಅದಕ್ಕೇ ಡಬ್ಬಿ ಕಿತ್ತು, ಎಂಜಿನ್ ಕೋಣೆಯಲ್ಲಿ ಬರೀ ಶಂಕುವಿನಾಕಾರದ ಫಿಲ್ಟರ್ ಕೂರಿಸುವುದು ಈ ಕಾರಿಗೆ ಹಿತವಲ್ಲ. ಡಬ್ಬಿಯಿರುವ ಕಡೆಯೇ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆ. ನೀರಿನ ಕೊಳವೆಯಲ್ಲಿ ಹತ್ತು ಸೆಂಟಿಮೀಟರ್ ಉಳಿಸಿ, ಥರ್ಮಾಮೀಟರಿನಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳಬಹುದು. ಹೊಸ ಭಾಗ ಕೊಳ್ಳುವ ಮೊದಲು ಕಾರಿನಡಿ ಬಗ್ಗಿ ನೋಡಿ: ಮುಂದೆ ಅಡಿಯಲ್ಲಿ ಕಪ್ಪು ಪ್ಲಾಸ್ಟಿಕ್ ತಟ್ಟೆ ಇರಬೇಕು. ಆಯಿಲ್ ಬದಲಿಸುವಾಗ ಬಿಚ್ಚಿ ಮತ್ತೆ ಹಾಕದೆ ಬಿಟ್ಟ ಕಾರುಗಳು ಎಷ್ಟೋ. ನನ್ನದರಲ್ಲೂ ಇರಲಿಲ್ಲ. ಅದಿಲ್ಲದಿದ್ದರೆ ಗಾಳಿ ರೇಡಿಯೇಟರ್ ಮೂಲಕ ಸರಿಯಾಗಿ ಹಾಯುವುದಿಲ್ಲ, ಕೋಣೆಯ ಬಿಸಿ ಅಲ್ಲೇ ಸುತ್ತುತ್ತದೆ. ಹಳೇ ತಟ್ಟೆಯೊಂದನ್ನು ಹುಡುಕಿ ಹಾಕಿದ ಮೇಲೆ ನನ್ನ ಥರ್ಮಾಮೀಟರ್ ಹೆದ್ದಾರಿಯಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಎಲ್ಲ ಸರಿಯಾದ ಮೇಲೂ ಇನ್ನಷ್ಟು ಬೇಕೆನಿಸಿದರೆ, ಡಬ್ಬಿ ಮುಚ್ಚಿದಂತೆಯೇ ಇಟ್ಟು ಅದಕ್ಕೆ ಹೊರಗಿನ ತಣ್ಣನೆ ಗಾಳಿ ಬರುವ ದಾರಿ ಮಾಡಿ. ವಿಂಡ್‌ಶೀಲ್ಡ್ ಬುಡದಲ್ಲಿ ಓಟದಲ್ಲಿ ಒತ್ತಡ ಹೆಚ್ಚಿರುತ್ತದೆ, ಅಲ್ಲಿಂದ ಗಾಳಿ ತರುವ ಪೈಪುಗಳು ಈ ಕಾರಿಗೆ ಬಹಳ ಹಿಂದಿನಿಂದ ಇವೆ. ಕ್ಯಾಲಿಫೋರ್ನಿಯಾದಲ್ಲಿರುವವರು ಕೊಳ್ಳುವ ಮುಂಚೆ ಆ ಭಾಗಕ್ಕೆ ರಾಜ್ಯದ ವಾಯು ಮಂಡಳಿಯ ಅನುಮೋದನೆ ಸಂಖ್ಯೆ ಇದೆಯೇ ನೋಡಿ. ಇಲ್ಲಿ 1976 ಮತ್ತು ಆಮೇಲಿನ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ತಪಾಸಣೆಯಿದೆ. ಹೊಗೆ ಎಷ್ಟೇ ಶುದ್ಧವಿದ್ದರೂ ಅನುಮೋದನೆ ಇಲ್ಲದ ಪೈಪು ಕಂಡರೆ ಅಲ್ಲೇ ಫೇಲ್.

ಕೆಲಸ ಮುಗಿದ ಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಬ್ರೇಕ್ ಪೆಡಲ್ ಅರ್ಧ ನಿಮಿಷ ಒತ್ತಿಹಿಡಿದು ಹಳೇ ಕೋಡ್ ಅಳಿಸಿ. ಟಿಇಎನ್ ಕಿಂಡಿಗೆ ತಂತಿ ಹಾಕಿಯೇ ಐಡ್ಲಿಂಗ್ 850ಕ್ಕೆ, ಕಿಡಿ ಹಾರುವ ಟೈಮಿಂಗ್ 10 ಡಿಗ್ರಿಗೆ ಇದೆಯೇ ನೋಡಿ, ನೋಡಿದ ಮೇಲೆ ತಂತಿ ತೆಗೆಯಲು ಮರೆಯಬೇಡಿ. ಎರಡು ದಿನ ಓಡಿಸಿ, ಎಂಜಿನ್ ತಣ್ಣಗಾದ ಹೊತ್ತಿನಲ್ಲಿ ಅಡ್ಡಪೈಪಿನ ಕ್ಲಾಂಪ್‌ಗಳನ್ನು ಇನ್ನೊಂದು ಕಾಲು ಸುತ್ತು ಬಿಗಿಮಾಡಿ. ಹೊಸ ರಬ್ಬರು ಮೊದಲ ಬಿಸಿಗೆ ಕುಗ್ಗಿ ಕೂರುತ್ತದೆ, ಕ್ಲಾಂಪ್ ಸಡಿಲಾಗುತ್ತದೆ.